ಪ್ರಾಸ್ಟೇಟ್‌ಗೆ ಲೇಸರ್ ಅಂದರು, ಯಾವ ಲೇಸರ್? ಆಪರೇಷನ್‌ಗೆ ಒಪ್ಪುವ ಮೊದಲು ಹೆಜ್ಜೆ ಹೆಜ್ಜೆಯಾಗಿ

ಅಪ್ಪನಿಗೆ ಆಗ 71 ವರ್ಷ. ತಿಪಟೂರಿನ ಹತ್ತಿರ ನಮ್ಮದು ತೆಂಗಿನ ತೋಟ. ರಾತ್ರಿ ನಾಲ್ಕೈದು ಸಲ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ಹೋದರೂ ಹನಿ ಹನಿ. 'ವಯಸ್ಸಾಯ್ತಲ್ಲ, ಎಲ್ಲರಿಗೂ ಇದ್ದದ್ದೇ' ಅಂತ ಎರಡು ವರ್ಷ ತಳ್ಳಿದರು. ಒಂದು ದಿನ ಬೆಳಗಿನ ಜಾವ ಮೂತ್ರ ಪೂರ್ತಿ ಕಟ್ಟಿಕೊಂಡಿತು. ಕಿಬ್ಬೊಟ್ಟೆ ಹಿಡಿದುಕೊಂಡು ಜಗಲಿ ಮೇಲೆ ಕೂತಿದ್ದ ಅವರ ಮುಖ ಈಗಲೂ ಕಣ್ಣ ಮುಂದಿದೆ. ಮೂತ್ರ ಇಳಿಸುವ ಕೊಳವೆ, ಅಂದರೆ ಕ್ಯಾಥೆಟರ್ ಹಾಕಿದ ತಕ್ಷಣ ಒಂದು ಲೀಟರ್ ಹತ್ತಿರ ಬಂತು. ಪ್ರಾಸ್ಟೇಟ್ ಗ್ರಂಥಿ ಬೆಳೆದು ದಾರಿ ಒತ್ತಿತ್ತು.

ಆಮೇಲೆ ನಾವು ಹೋದ ಮೊದಲ ಆಸ್ಪತ್ರೆಯಲ್ಲಿ ಕೌನ್ಸೆಲರ್ ಒಂದು ಹಾಳೆ ಕೊಟ್ಟರು. ಅದರಲ್ಲಿ 'ಲೇಸರ್ ಪ್ಯಾಕೇಜ್' ಅಂತ ಇತ್ತು, ಕೆಳಗೆ ಮೊತ್ತ. ಯಾವ ಲೇಸರ್ ಅಂತ ಕೇಳಿದೆ. 'ಲೇಟೆಸ್ಟ್ ಸರ್, ನೋವೇ ಇರಲ್ಲ' ಅಂದರು. ಮತ್ತೆ ಕೇಳಿದೆ. ಅದೇ ಉತ್ತರ. ಅವತ್ತು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ವಾಪಸ್ ಬಂದೆವು.

ಆಮೇಲೆ ಓದಿ, ಮೂತ್ರರೋಗ ತಜ್ಞರಾದ ಮೂವರು ಯೂರಾಲಜಿಸ್ಟ್‌ಗಳ ಹತ್ತಿರ ಕೇಳಿ ನನಗೆ ಗೊತ್ತಾದದ್ದು ಇಷ್ಟು. ಲೇಸರ್ ಅನ್ನುವುದು ಆಪರೇಷನ್ನಿನ ಹೆಸರಲ್ಲ, ಉಪಕರಣದ ಹೆಸರು. ಮಚ್ಚು ಅಂದ ಹಾಗೆ. ಆ ಮಚ್ಚಿನಲ್ಲಿ ಒಳಗೆ ಏನು ಮಾಡುತ್ತಾರೆ, ಅದು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಿಮ್ಮ ಮನೆಯಲ್ಲೂ ಇಂಥ ಹಾಳೆ ಬಂದಿದ್ದರೆ, ಡಾಕ್ಟರ ಎದುರು ಕೂತಾಗ ಸರಿಯಾದ ಪ್ರಶ್ನೆ ಕೇಳಲಿಕ್ಕೆ ಇದು ಸಹಾಯ ಆಗಲಿ. ತೀರ್ಮಾನ ಮಾತ್ರ ನಿಮ್ಮ ಡಾಕ್ಟರ ಜೊತೆ ಕೂತೇ ಆಗಬೇಕು.

ಹೆಜ್ಜೆ 1: ಆಪರೇಷನ್ ಬೇಕೇ ಬೇಕಾ ಅಂತ ನೋಡಿ

ಪ್ರಾಸ್ಟೇಟ್ ಮೂತ್ರಕೋಶದ ಬಾಯಿಯ ಹತ್ತಿರ, ಮೂತ್ರನಾಳದ ಸುತ್ತ ಇರುವ ಗ್ರಂಥಿ. ಹರೆಯದಲ್ಲಿ ಸುಮಾರು 20 ಗ್ರಾಂ ಇರುತ್ತದೆ. ವಯಸ್ಸಾದಂತೆ ಒಳಭಾಗ ಬೆಳೆದು ನಾಳವನ್ನು ಒತ್ತುತ್ತದೆ. 60ರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಈ ಬೆಳವಣಿಗೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ.

ಬೆಳೆದ ಎಲ್ಲರಿಗೂ ಆಪರೇಷನ್ ಬೇಡ. ಟ್ಯಾಮ್ಸುಲೋಸಿನ್, ಸಿಲೋಡೋಸಿನ್ ಥರದ ಮಾತ್ರೆ ನಾಳದ ಸುತ್ತಲಿನ ಬಿಗಿ ಸಡಿಲ ಮಾಡುತ್ತದೆ, ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಡ್ಯುಟಾಸ್ಟರೈಡ್, ಫಿನಾಸ್ಟರೈಡ್ ಗ್ರಂಥಿಯನ್ನೇ ಸ್ವಲ್ಪ ಕುಗ್ಗಿಸುತ್ತವೆ, ಆದರೆ ಆರು ತಿಂಗಳು ಕಾಯಬೇಕು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟ್ಯಾಮ್ಸುಲೋಸಿನ್ ತಗೊಳ್ಳುವವರು ಕಣ್ಣಿನ ಪೊರೆ ಆಪರೇಷನ್‌ಗೆ ಹೋದರೆ ಕಣ್ಣಿನ ಡಾಕ್ಟರಿಗೆ ಮೊದಲೇ ತಿಳಿಸಬೇಕು. ಆ ಮಾತ್ರೆಯಿಂದ ಕಣ್ಣಿನ ಪಾಪೆ ಸಡಿಲವಾಗಿ ಆಪರೇಷನ್ ಕಷ್ಟ ಆಗಬಹುದು. ಹಾಗೆಯೇ ಪ್ರಾಸ್ಟೇಟ್ ತೊಂದರೆ ಇರುವವರು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಸುಮ್ನೆ ನೆಗಡಿ ಮಾತ್ರೆ ನುಂಗಬಾರದು. ಕೆಲವು ನೆಗಡಿ ಮಾತ್ರೆಗಳು ಮೂತ್ರ ಕಟ್ಟಿಸಿಬಿಡುತ್ತವೆ.

ಮಾತ್ರೆಗೆ ಬಗ್ಗದಿದ್ದಾಗ, ಮೂತ್ರ ಮತ್ತೆ ಮತ್ತೆ ಕಟ್ಟಿದಾಗ, ಸೋಂಕು ಪದೇ ಪದೇ ಬಂದಾಗ, ಮೂತ್ರಕೋಶದಲ್ಲಿ ಕಲ್ಲಾದಾಗ, ಮೂತ್ರದಲ್ಲಿ ರಕ್ತ ನಿಲ್ಲದಿದ್ದಾಗ, ಕಿಡ್ನಿಗೆ ಪೆಟ್ಟು ಬೀಳುತ್ತಿರುವಾಗ ಆಪರೇಷನ್ ಮಾತು ಬರುತ್ತದೆ. ಕಿಡ್ನಿ ವಿಚಾರದಲ್ಲಿ ಮಾತ್ರ ತಡ ಮಾಡಬೇಡಿ.

ಹೆಜ್ಜೆ 2: ಈ ಅಂಕಿಗಳು ಕೈಯಲ್ಲಿರಲಿ

ಗ್ರಂಥಿಯ ತೂಕ ಎಷ್ಟು ಅಂತ ಗೊತ್ತಿಲ್ಲದೆ ಲೇಸರ್ ಆರಿಸುವುದು ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಗ್ರಾಂ ಅಥವಾ ಸಿಸಿ ಲೆಕ್ಕದಲ್ಲಿ ಅದು ಬರೆದಿರುತ್ತದೆ. ಅಪ್ಪನದು 92 ಗ್ರಾಂ. ಅದೇ ರಿಪೋರ್ಟಿನಲ್ಲಿ ಮೂತ್ರ ಹೋದ ಮೇಲೂ ಒಳಗೆ ಎಷ್ಟು ಉಳಿದಿದೆ ಅಂತಲೂ ಇರುತ್ತದೆ. ಗ್ರಂಥಿಯ ನಡುವಿನ ಭಾಗ, ಅಂದರೆ ನಡುವಿನ ಹಾಲೆ, ಮೂತ್ರಕೋಶದ ಒಳಕ್ಕೆ ಉಬ್ಬಿದೆಯಾ ಅಂತ ಕೇಳಿ ಬರೆಸಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಯೂರೋಫ್ಲೋ. ಯಂತ್ರಕ್ಕೆ ಜೋಡಿಸಿದ ಪಾತ್ರೆಯಲ್ಲಿ ಮೂತ್ರ ಮಾಡಿಸಿ ವೇಗ ಅಳೆಯುತ್ತಾರೆ. ಸೆಕೆಂಡಿಗೆ 15 ಎಂ.ಎಲ್. ಮೇಲಿದ್ದರೆ ಸಾಮಾನ್ಯವಾಗಿ ಚೆನ್ನಾಗಿದೆ ಅಂತ ಅರ್ಥ. 10ಕ್ಕಿಂತ ಕಡಿಮೆ ಇದ್ದರೆ ಅಡ್ಡಿ ಇರುವ ಸಾಧ್ಯತೆ ಜಾಸ್ತಿ. ಆದರೆ ಕನಿಷ್ಠ 150 ಎಂ.ಎಲ್. ಆದರೂ ಹೋಗಿರಬೇಕು, ಇಲ್ಲದಿದ್ದರೆ ಆ ಅಂಕಿ ನಂಬುವ ಹಾಗಿಲ್ಲ. ಅವಸರ ಮಾಡದೆ ನೀರು ಕುಡಿದು ಕಾಯಿರಿ.

ಮೂರನೆಯದು ಪಿಎಸ್‌ಎ ರಕ್ತ ಪರೀಕ್ಷೆ. ಕ್ಯಾನ್ಸರ್ ಅನುಮಾನ ಇದೆಯಾ ಅಂತ ನೋಡಲಿಕ್ಕೆ ಇದು. ಮೂತ್ರ ಕಟ್ಟಿಕೊಂಡಾಗ, ಸೋಂಕಾದಾಗ, ಕ್ಯಾಥೆಟರ್ ಹಾಕಿದ ಹೊಸದರಲ್ಲಿ ಇದು ಸುಳ್ಳೇ ಏರಿರುತ್ತದೆ. ಕೆಲವು ವಾರ ಬಿಟ್ಟು ಮಾಡಿಸುವುದು ಒಳ್ಳೆಯದು. ಡ್ಯುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಆರು ತಿಂಗಳು ತಗೊಂಡಿದ್ದರೆ ಪಿಎಸ್‌ಎ ಅರ್ಧಕ್ಕೆ ಇಳಿದಿರುತ್ತದೆ, ಅಂದರೆ ಬಂದ ಅಂಕಿಯನ್ನು ಎರಡರಿಂದ ಗುಣಿಸಿ ನೋಡಬೇಕು. ಮಾತ್ರೆ ವಿಷಯ ಡಾಕ್ಟರಿಗೆ ಹೇಳದಿದ್ದರೆ ಇದು ತಪ್ಪಿಹೋಗುತ್ತದೆ.

ಇನ್ನೊಂದು ಏಳು ಪ್ರಶ್ನೆಗಳ ಹಾಳೆ ಇದೆ, ಐಪಿಎಸ್‌ಎಸ್ ಅಂತಾರೆ. ಒಟ್ಟು 35 ಅಂಕ. 7ರವರೆಗೆ ಸಣ್ಣ ತೊಂದರೆ, 8ರಿಂದ 19 ಮಧ್ಯಮ, 20 ಮತ್ತು ಅದರ ಮೇಲೆ ತೀವ್ರ. ಮನೆಯಲ್ಲೇ ಕೂತು ತುಂಬಿಸಿ. ಆಸ್ಪತ್ರೆಯಲ್ಲಿ ಮಗನೋ ಸೊಸೆಯೋ ಪಕ್ಕದಲ್ಲಿದ್ದರೆ ಹಿರಿಯರು ನಾಚಿಕೆಯಿಂದ ಕಡಿಮೆ ಹೇಳುತ್ತಾರೆ.

ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದರೆ, ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಆಗಿದ್ದರೆ ಮೂತ್ರಕೋಶವೇ ಸೋತಿರಬಹುದು. ಆಗ ದಾರಿ ಬಿಡಿಸಿದರೂ ತಳ್ಳುವ ಶಕ್ತಿ ಇರುವುದಿಲ್ಲ. ಮೂತ್ರಕೋಶದ ಶಕ್ತಿ ಅಳೆಯುವ ಯೂರೋಡೈನಮಿಕ್ ಅನ್ನುವ ಪರೀಕ್ಷೆ ಬೇಕಾ ಅಂತ ಅಂಥವರು ಮೊದಲೇ ಕೇಳಬೇಕು. 'ಲೇಸರ್ ಮಾಡಿಸಿದರೂ ಏನೂ ಆಗಲಿಲ್ಲ' ಅನ್ನುವ ಕೆಲವರ ಕಥೆ ಇಲ್ಲಿಂದಲೇ ಶುರುವಾಗುತ್ತದೆ.

ಹೆಜ್ಜೆ 3: ಒಳಗೆ ಏನು ಮಾಡುತ್ತಾರೆ ಅಂತ ತಿಳಿದುಕೊಳ್ಳಿ

ಇದನ್ನು ಅಪ್ಪನಿಗೆ ಅರ್ಥ ಮಾಡಿಸಲಿಕ್ಕೆ ಮೂರನೇ ಡಾಕ್ಟರು ತೆಂಗಿನಕಾಯಿಯನ್ನೇ ಹಿಡಿದರು. 'ಯಜಮಾನ್ರೇ, ಹಸಿ ಕಾಯಿ ತುರಿಯೋದು ಒಂದು, ಗಿಟುಕು ತೆಗೆಯೋದು ಒಂದು. ಎರಡರಲ್ಲೂ ಚಿಪ್ಪು ಖಾಲಿ ಆಗುತ್ತೆ, ಅಲ್ವಾ?' ಅಂದರು. ಅಪ್ಪನಿಗೆ ತಕ್ಷಣ ಹೊಳೆಯಿತು.

ಟಿಯುಆರ್‌ಪಿ ಅನ್ನುವ ಹಳೆಯ, ಇವತ್ತಿಗೂ ಗಟ್ಟಿಯಾಗಿ ನಿಂತಿರುವ ಆಪರೇಷನ್ ತುರಿಯುವ ಥರದ್ದು. ಲೇಸರ್ ಇಲ್ಲ. ಮೂತ್ರನಾಳದ ಮೂಲಕ ಹೋಗಿ ಕರೆಂಟಿನ ತಂತಿ ಕುಣಿಕೆಯಲ್ಲಿ ಒಳಭಾಗವನ್ನು ಚೂರು ಚೂರಾಗಿ ಕೆರೆದು ತೆಗೆಯುತ್ತಾರೆ.

ಎರಡನೇ ದಾರಿ ಸುಟ್ಟು ಆವಿ ಮಾಡುವುದು. ಲೇಸರ್ ಬೆಳಕು ಬಿದ್ದಲ್ಲಿ ಅಂಗಾಂಶ ಆವಿಯಾಗಿ ಹೋಗುತ್ತದೆ, ದಾರಿ ಅಗಲವಾಗುತ್ತದೆ. ಹೊರಗೆ ಏನೂ ಬರುವುದಿಲ್ಲ.

ಮೂರನೆಯದು ಗಿಟುಕು ಬಿಡಿಸುವುದು. ನಮ್ಮ ಕಡೆ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಆರಿ ಕೊಬ್ಬರಿ ಚಿಪ್ಪಿನಿಂದ ಕಳಚಿಕೊಳ್ಳುತ್ತದೆ. ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಚಿಪ್ಪು ಒಡೆದರೆ ಇಡೀ ಗಿಟುಕು ಕೈಗೆ ಬರುತ್ತದೆ. ಪ್ರಾಸ್ಟೇಟ್‌ನಲ್ಲೂ ಬೆಳೆದ ಒಳಭಾಗಕ್ಕೂ ಹೊರ ಚಿಪ್ಪಿಗೂ ನಡುವೆ ಒಂದು ಸಂದಿ ಇದೆ. ಲೇಸರ್‌ನಿಂದ ಆ ಸಂದಿ ಹಿಡಿದು ಒಳಗಿನದನ್ನು ಇಡಿಯಾಗಿ ಬಿಡಿಸಿ ಮೂತ್ರಕೋಶಕ್ಕೆ ತಳ್ಳುತ್ತಾರೆ. ಆಮೇಲೆ ಮಾರ್ಸಲೇಟರ್ ಅನ್ನುವ ಸಣ್ಣ ಯಂತ್ರ ಅದನ್ನು ಅಲ್ಲೇ ಪುಡಿ ಮಾಡಿ ಹೊರಗೆ ಎಳೆಯುತ್ತದೆ. ಹೊಟ್ಟೆ ಕೊಯ್ಯುವುದಿಲ್ಲ.

'ನೀವು ಸುಡುತ್ತೀರೋ, ಬಿಡಿಸುತ್ತೀರೋ?' ಇದೊಂದು ಪ್ರಶ್ನೆ ಕೇಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ಹೆಜ್ಜೆ 4: ಒಂದೊಂದು ಲೇಸರ್ ಹೆಸರು ಹಿಡಿದು ನೋಡಿ

ಹೋಲೆಪ್. ಹೋಲ್ಮಿಯಂ ಲೇಸರ್‌ನಿಂದ ಬಿಡಿಸುವ ಆಪರೇಷನ್. ನ್ಯೂಜಿಲೆಂಡಿನ ಟೌರಂಗಾ ಊರಿನಲ್ಲಿ ಡಾ. ಪೀಟರ್ ಗಿಲ್ಲಿಂಗ್ ಮತ್ತು ಜೊತೆಯವರು 1990ರ ದಶಕದಲ್ಲಿ ಇದನ್ನು ರೂಪಿಸಿದರು. ಹೋಲ್ಮಿಯಂ ಬೆಳಕನ್ನು ನೀರು ಹೀರಿಕೊಳ್ಳುತ್ತದೆ. ಹಾಗಾಗಿ ಅದು ಅಂಗಾಂಶದ ಒಳಕ್ಕೆ ಅರ್ಧ ಮಿಲಿಮೀಟರ್ ಕೂಡ ಇಳಿಯುವುದಿಲ್ಲ, ಸುತ್ತಮುತ್ತ ಸುಡುವುದು ಕಡಿಮೆ. ಇದರ ದೊಡ್ಡ ಬಲ ಏನೆಂದರೆ ಗ್ರಂಥಿ 40 ಗ್ರಾಂ ಇರಲಿ, 150 ಗ್ರಾಂ ಇರಲಿ, ಮಾಡಬಹುದು. ಮೊದಲು ಹೊಟ್ಟೆ ಕೊಯ್ದು ತೆಗೆಯುತ್ತಿದ್ದ ದೊಡ್ಡ ಗ್ರಂಥಿಗಳೂ ಇದರಲ್ಲಿ ಆಗುತ್ತವೆ. ತೆಗೆದದ್ದು ಪೂರ್ತಿ, ಕ್ಯಾನ್ಸರ್ ಇದೆಯಾ ಅಂತ ನೋಡುವ ಬಯಾಪ್ಸಿಗೆ, ಲ್ಯಾಬಿಗೆ ಹೋಗುತ್ತದೆ. ಮತ್ತೆ ಬೆಳೆದು ಇನ್ನೊಂದು ಆಪರೇಷನ್ ಬೇಕಾಗುವುದು ಬಹಳ ಕಡಿಮೆ.

ಕಷ್ಟ ಎಲ್ಲಿ ಅಂದರೆ, ಕಲಿಯುವುದು ಸುಲಭವಲ್ಲ. ಒಬ್ಬ ಸರ್ಜನ್‌ಗೆ ಕೈ ಕುದುರಲಿಕ್ಕೆ ಸುಮಾರು 50 ಆಪರೇಷನ್ ಬೇಕು ಅನ್ನುತ್ತಾರೆ. ಮಾರ್ಸಲೇಟರ್ ಅಜಾಗರೂಕತೆಯಿಂದ ಬಳಸಿದರೆ ಮೂತ್ರಕೋಶಕ್ಕೆ ಗಾಯ ಆಗಬಹುದು. ಮೊದಲ ಕೆಲವು ವಾರ ಕೆಮ್ಮಿದಾಗ, ಎದ್ದಾಗ ಮೂತ್ರ ಸೋರುವುದು ಕೆಲವರಿಗೆ ಇರುತ್ತದೆ. ಬಹಳಷ್ಟು ಜನರಿಗೆ ಮೂರು ತಿಂಗಳಲ್ಲಿ ನಿಲ್ಲುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಉಳಿಯಬಹುದು.

ಥುಲೆಪ್. ಅದೇ ಬಿಡಿಸುವ ಕೆಲಸ, ಥೂಲಿಯಂ ಲೇಸರ್‌ನಿಂದ. ಹೋಲ್ಮಿಯಂ ಮಿಡಿತ ಮಿಡಿತವಾಗಿ ಬಡಿಯುತ್ತದೆ. ಹಳೆಯ ಥೂಲಿಯಂ ಯಂತ್ರ ಬೆಳಕನ್ನು ಎಡೆಬಿಡದೆ ಕೊಡುತ್ತದೆ, ಆದ್ದರಿಂದ ಕತ್ತರಿಸುವುದು ನಯ. ಹೊಸದಾಗಿ ಬಂದಿರುವ ಥೂಲಿಯಂ ಫೈಬರ್ ಲೇಸರ್ ಸಣ್ಣ ಯಂತ್ರ, ಮಾಮೂಲಿ ಪ್ಲಗ್ಗಿಗೆ ಹಾಕಬಹುದು, ಕಿಡ್ನಿ ಕಲ್ಲನ್ನೂ ಪುಡಿ ಮಾಡುತ್ತದೆ. ಫಲಿತಾಂಶದಲ್ಲಿ ಹೋಲೆಪ್‌ಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣುವುದಿಲ್ಲ. ಅಮೆರಿಕದ ಯೂರಾಲಜಿ ಸಂಘದ ಮಾರ್ಗಸೂಚಿ ಎರಡನ್ನೂ ಒಂದೇ ಸಾಲಿನಲ್ಲಿ ಇಡುತ್ತದೆ, ಗ್ರಂಥಿ ಎಷ್ಟೇ ದೊಡ್ಡದಿದ್ದರೂ ಸರಿ ಅಂತ. ಆದ್ದರಿಂದ ಈ ಎರಡರ ನಡುವೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಸರ್ಜನ್‌ ಯಾವುದರಲ್ಲಿ ಪಳಗಿದ್ದಾರೋ ಅದೇ ನಿಮಗೆ ಒಳ್ಳೆಯದು.

ಗ್ರೀನ್‌ಲೈಟ್. ಇದು ಸುಡುವ ಲೇಸರ್. ಹೆಸರಿನ ಹಾಗೇ ಹಸಿರು ಬೆಳಕು, ಅದರ ತರಂಗಾಂತರ 532 ನ್ಯಾನೋಮೀಟರ್. ಈ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ. ಅದಕ್ಕೇ ರಕ್ತನಾಳಗಳು ಆಗಲೇ ಮುಚ್ಚಿಕೊಂಡು ರಕ್ತಸ್ರಾವ ತುಂಬಾ ಕಡಿಮೆ. ಹೃದಯದ ತೊಂದರೆ ಇದ್ದು, ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಲಾಗದವರಿಗೆ ಇದರ ಹೆಸರು ಮೊದಲು ಬರುತ್ತದೆ. ಯುರೋಪಿನ 9 ದೇಶಗಳಲ್ಲಿ 281 ರೋಗಿಗಳ ಮೇಲೆ ನಡೆದ ಗೋಲಿಯತ್ ಅಧ್ಯಯನದಲ್ಲಿ 180 ವಾಟ್ ಗ್ರೀನ್‌ಲೈಟ್, ಎರಡು ವರ್ಷದ ಹೊತ್ತಿಗೂ ಟಿಯುಆರ್‌ಪಿಗಿಂತ ಹಿಂದೆ ಬೀಳಲಿಲ್ಲ. ಆಸ್ಪತ್ರೆವಾಸವೂ ಕಡಿಮೆ.

ಕೊರತೆಗಳೂ ಇವೆ. ಲ್ಯಾಬಿಗೆ ಕಳಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ಪಿಎಸ್‌ಎ ಬಗ್ಗೆ ಸಂಶಯ ಇದ್ದರೆ ಅದನ್ನು ಮೊದಲು ಬಗೆಹರಿಸಿಕೊಂಡೇ ಇದಕ್ಕೆ ಹೋಗಬೇಕು. ಗ್ರಂಥಿ ತುಂಬಾ ದೊಡ್ಡದಿದ್ದರೆ ಸುಡಲಿಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ಒಳಗೆ ಉಳಿಯುವುದೂ ಜಾಸ್ತಿ. ಕೆಲವು ವಾರ ಉರಿ, ಮೂತ್ರದ ಅವಸರ ಇರಬಹುದು.

ಡಯೋಡ್ ಲೇಸರ್. ರಕ್ತ ಚೆನ್ನಾಗಿ ನಿಲ್ಲಿಸುತ್ತದೆ. ಆದರೆ 980 ನ್ಯಾನೋಮೀಟರಿನದ್ದು ಆಳಕ್ಕೆ ಇಳಿಯುತ್ತದೆ, ಸುಟ್ಟ ಅಂಗಾಂಶ ಒಳಗೆ ಉಳಿದು ಉರಿ, ಮತ್ತೆ ಆಪರೇಷನ್ ಇಂಥವು ಜಾಸ್ತಿ ವರದಿಯಾಗಿವೆ. ಪ್ಯಾಕೇಜಿನಲ್ಲಿ ಇದೇ ಇದ್ದರೆ, ಬೇರೆಯದನ್ನು ಬಿಟ್ಟು ಇದೇ ಯಾಕೆ ಅಂತ ನಾನು ಖಂಡಿತ ಕೇಳುತ್ತೇನೆ.

ಹೆಜ್ಜೆ 5: ನಿಮ್ಮ ದೇಹಕ್ಕೆ ಹೊಂದಿಸಿ ನೋಡಿ

ಗ್ರಂಥಿ 30ರಿಂದ 80 ಗ್ರಾಂ ಒಳಗಿದ್ದರೆ ದಾರಿಗಳು ಹಲವು. ಒಳ್ಳೆಯ ಸರ್ಜನ್‌ ಕೈಯಲ್ಲಿ ಸಲೈನ್ ಬಳಸಿ ಮಾಡುವ ಬೈಪೋಲಾರ್ ಟಿಯುಆರ್‌ಪಿ ಕೂಡ ತುಂಬಾ ಚೆನ್ನಾಗಿ ಆಗುತ್ತದೆ. ಲೇಸರ್ ಇಲ್ಲ ಅಂತ ಅದು ಕೀಳಲ್ಲ. ಸಾಲ ಮಾಡಿ ಲೇಸರ್ ಮಾಡಿಸಲೇಬೇಕು ಅಂತ ಇಲ್ಲವೇ ಇಲ್ಲ. 80 ಗ್ರಾಂ ದಾಟಿದರೆ ಬಿಡಿಸುವ ಆಪರೇಷನ್ ಕಡೆ ತಕ್ಕಡಿ ವಾಲುತ್ತದೆ. ಅಪ್ಪನ 92 ಗ್ರಾಂ ಅಲ್ಲೇ ತೀರ್ಮಾನ ಮಾಡಿಬಿಟ್ಟಿತು.

ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಯಾವ ಮಾತ್ರೆ, ಯಾಕೆ, ಹೃದಯಕ್ಕೆ ಸ್ಟೆಂಟ್ ಹಾಕಿ ಎಷ್ಟು ತಿಂಗಳಾಯಿತು ಅನ್ನುವುದನ್ನು ಬರೆದುಕೊಂಡು ಹೋಗಿ. ನಿಲ್ಲಿಸುವುದೋ ಬೇಡವೋ ಅನ್ನುವುದನ್ನು ಹೃದಯದ ಡಾಕ್ಟರು, ಯೂರಾಲಜಿಸ್ಟ್ ಮಾತಾಡಿಕೊಂಡು ಹೇಳಬೇಕು. ನೀವಾಗಿ ಒಂದು ದಿನವೂ ನಿಲ್ಲಿಸಬೇಡಿ.

ಇನ್ನು ಯಾರೂ ಬಾಯಿ ಬಿಟ್ಟು ಕೇಳದ ವಿಷಯ. ಬಿಡಿಸುವ ಆಪರೇಷನ್ ಆದ ಹತ್ತರಲ್ಲಿ ಏಳೆಂಟು ಜನರಿಗೆ ಸಂಭೋಗದ ಕೊನೆಯಲ್ಲಿ ವೀರ್ಯ ಹೊರಗೆ ಬರದೆ ಮೂತ್ರಕೋಶಕ್ಕೆ ಹಿಂದೆ ಸರಿಯುತ್ತದೆ. ಆಮೇಲೆ ಮೂತ್ರದಲ್ಲಿ ಹೋಗುತ್ತದೆ. ಅಪಾಯ ಇಲ್ಲ. ನಿಮಿರುವಿಕೆ ಸಾಮಾನ್ಯವಾಗಿ ಮೊದಲಿದ್ದ ಹಾಗೇ ಇರುತ್ತದೆ. ಟಿಯುಆರ್‌ಪಿಯಲ್ಲೂ ಹೆಚ್ಚುಕಡಿಮೆ ಹೀಗೇ, ಗ್ರೀನ್‌ಲೈಟ್‌ನಲ್ಲಿ ಸ್ವಲ್ಪ ಕಡಿಮೆ. ಮೊದಲೇ ಗೊತ್ತಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ಗಾಬರಿಯಾಗುತ್ತಾರೆ. ಮಕ್ಕಳಾಗಬೇಕು ಅನ್ನುವವರಿಗೆ, ಅಥವಾ ಇದು ತಮಗೆ ಮುಖ್ಯ ಅನ್ನುವವರಿಗೆ, ಗ್ರಂಥಿಯನ್ನು ಸಣ್ಣ ಕ್ಲಿಪ್ಪಿನಿಂದ ಪಕ್ಕಕ್ಕೆ ಎಳೆದು ಕಟ್ಟುವ ಯೂರೋಲಿಫ್ಟ್, ನೀರಿನ ಹಬೆ ಬಿಡುವ ರೆಜೂಮ್ ಥರದ ಲೇಸರ್ ಅಲ್ಲದ ದಾರಿಗಳಿವೆ. ತುಂಬಾ ದೊಡ್ಡ ಗ್ರಂಥಿಗೆ ಅವು ಹೊಂದುವುದಿಲ್ಲ. ನಡುವಿನ ಹಾಲೆ ಉಬ್ಬಿದ್ದರೆ ಯೂರೋಲಿಫ್ಟ್ ಕಷ್ಟ. ಅಪ್ಪನಿಗೆ ಇದನ್ನು ನಾನು ಹೇಳಲಾರದೆ ಡಾಕ್ಟರನ್ನೇ ಹೇಳಲು ಕೇಳಿಕೊಂಡೆ, ನಾನು ಹೊರಗೆ ನಿಂತೆ. ನೀವೂ ಹಾಗೆ ಮಾಡಬಹುದು.

ಹೆಜ್ಜೆ 6: ಸರ್ಜನ್ ಹತ್ತಿರ ಕೇಳಿ

ನಾನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಈ ಆಪರೇಷನ್ ನೀವೇ ಮಾಡುತ್ತೀರಾ? ಇಲ್ಲಿಯವರೆಗೆ ಎಷ್ಟು ಮಾಡಿದ್ದೀರಿ, ತಿಂಗಳಿಗೆ ಎಷ್ಟು? ನಿಮ್ಮಲ್ಲಿರುವ ಲೇಸರ್ ಎಷ್ಟು ವಾಟಿನದು? ಈ ಕೊನೆಯ ಪ್ರಶ್ನೆಗೆ ಕಾರಣ ಇದೆ. ಕಲ್ಲು ಒಡೆಯಲು ಇಟ್ಟುಕೊಂಡ 30 ವಾಟಿನ ಹೋಲ್ಮಿಯಂ ಯಂತ್ರ ಹಲವು ಕಡೆ ಇರುತ್ತದೆ. ಹೋಲೆಪ್‌ಗೆ ಸಾಮಾನ್ಯವಾಗಿ 80ರಿಂದ 120 ವಾಟ್ ಬಳಸುತ್ತಾರೆ. ಮಾರ್ಸಲೇಟರ್ ನಿಮ್ಮದೇನಾ, ಬಾಡಿಗೆಗೆ ತರಿಸುತ್ತೀರಾ? ಮಧ್ಯದಲ್ಲಿ ಯಂತ್ರ ಕೈಕೊಟ್ಟರೆ ಏನು ಮಾಡುತ್ತೀರಿ?

ಒಳ್ಳೆಯ ಸರ್ಜನ್‌ಗೆ ಇದರಿಂದ ಬೇಜಾರಾಗುವುದಿಲ್ಲ. ನಮ್ಮ ಡಾಕ್ಟರು ಚೀಟಿ ಇಸ್ಕೊಂಡು ಒಂದೊಂದಕ್ಕೂ ಎದುರು ಬರೆದೇ ಕೊಟ್ಟರು.

ಹೆಜ್ಜೆ 7: ದುಡ್ಡು, ವಿಮೆ

ಅಂದಾಜು ಪಟ್ಟಿಯಲ್ಲಿ ಲೇಸರ್ ಫೈಬರ್, ಮಾರ್ಸಲೇಟರ್ ಬ್ಲೇಡ್, ಬಯಾಪ್ಸಿ, ಅರಿವಳಿಕೆ ಸೇರಿವೆಯಾ ಅಂತ ಕೇಳಿ. ಬಿಲ್ಲು ಉಬ್ಬುವುದು ಇಲ್ಲೇ.

ಆರೋಗ್ಯ ವಿಮೆ ಇದ್ದರೆ ಒಂದು ವಿಷಯ ತಿಳಿದಿರಲಿ. ಹಸಿರು ಲೇಸರ್ ಅಥವಾ ಹೋಲ್ಮಿಯಂ ಲೇಸರ್‌ನ ಪ್ರಾಸ್ಟೇಟ್ ಚಿಕಿತ್ಸೆಯನ್ನು ಪಾಲಿಸಿಯಿಂದ ಹೊರಗಿಡಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲೇ ಹೇಳಿದೆ. ಆದರೆ ಕಂಪನಿಗಳು ಮಿತಿ ಹಾಕಬಹುದು. ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಇಂಥ ಚಿಕಿತ್ಸೆಗೆ ವಿಮಾ ಮೊತ್ತದ ಅರ್ಧದವರೆಗೆ ಮಾತ್ರ. ಪಾಲಿಸಿ ಹೊಸದಾಗಿದ್ದರೆ ಪ್ರಾಸ್ಟೇಟ್‌ಗೆ ಎರಡು ವರ್ಷದ ಕಾಯುವ ಅವಧಿ ಹಲವು ಪಾಲಿಸಿಗಳಲ್ಲಿರುತ್ತದೆ. ದಾಖಲಾಗುವ ಮೊದಲೇ ಅನುಮೋದನೆ ಬರೆಸಿಕೊಳ್ಳಿ. ಕೈ ಬಿಗಿ ಇರುವವರು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆಯಲ್ಲೂ ವಿಚಾರಿಸಿ.

ಹೆಜ್ಜೆ 8: ಆಪರೇಷನ್‌ಗೆ ಮುಂಚೆ

ಮೂತ್ರದ ಕಲ್ಚರ್ ಮಾಡಿಸಿ ಸೋಂಕಿದ್ದರೆ ಮೊದಲು ವಾಸಿ ಮಾಡಿಕೊಳ್ಳಬೇಕು. ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ಹೇಳಿ, ಸಾಮಾನ್ಯವಾಗಿ ಮೂರು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಮೂತ್ರ ತಡೆಯುವ ಸ್ನಾಯುಗಳಿಗೆ ಕೀಗೆಲ್ ವ್ಯಾಯಾಮ ಈಗಲೇ ಶುರು ಮಾಡಿ. ಮೂತ್ರ ನಡುವೆ ನಿಲ್ಲಿಸುವಾಗ ಯಾವ ಸ್ನಾಯು ಬಿಗಿಯುತ್ತೀರೋ ಅದನ್ನೇ, ಬೇರೆ ಹೊತ್ತಿನಲ್ಲಿ, ಐದು ಸೆಕೆಂಡು ಬಿಗಿಹಿಡಿದು ಬಿಡುವುದು. ಮೊದಲೇ ಅಭ್ಯಾಸ ಇದ್ದರೆ ಆಮೇಲೆ ಸೋರುವುದು ಬೇಗ ನಿಲ್ಲುತ್ತದೆ.

ಹೆಜ್ಜೆ 9: ಆಪರೇಷನ್ ಆದ ಮೇಲೆ

ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಅಪ್ಪನದು ಎರಡು ಗಂಟೆ ಹತ್ತಿರ ಹಿಡಿಯಿತು. ಹೊರಗೆ ಬಂದಾಗ ಮೂರು ಬಾಯಿಯ ಕ್ಯಾಥೆಟರ್, ಮೇಲಿಂದ ದೊಡ್ಡ ಸಲೈನ್ ಚೀಲಗಳು ಇಳಿಯುತ್ತಿದ್ದವು. ಬ್ಯಾಗಿನಲ್ಲಿ ಬೀಟ್‌ರೂಟ್ ನೀರಿನ ಬಣ್ಣ. ನೋಡಿ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ನರ್ಸಮ್ಮ ಪೈಪನ್ನು ಬೆಳಕಿಗೆ ಹಿಡಿದು, 'ಆ ಕಡೆ ಬರಹ ಕಾಣಿಸ್ತಿದೆ ನೋಡಿ, ಅಷ್ಟಿದ್ರೆ ಹೆದರಬೇಡಿ' ಅಂದರು. ರಾತ್ರಿ ಅದು ಎಳೆ ಗುಲಾಬಿ ಆಯಿತು. ಮಾರನೇ ದಿನ ಮಧ್ಯಾಹ್ನಕ್ಕೆ ಎಳನೀರಿನ ಹಾಗೆ ತಿಳಿಯಾಯಿತು. ಎರಡನೇ ದಿನ ಕ್ಯಾಥೆಟರ್ ತೆಗೆದರು. ಅಪ್ಪ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ನಿಂತ ನಮಗೆ ಸದ್ದು ಕೇಳಿಸಿತು. ಅಮ್ಮ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡರು.

ಮನೆಗೆ ಬಂದ ಮೇಲೆ ಡಾಕ್ಟರು ಹೇಳಿದಷ್ಟು ನೀರು ಕುಡಿಯಬೇಕು, ಮಲ ಗಟ್ಟಿಯಾಗದಂತೆ ನೋಡಿಕೊಳ್ಳಬೇಕು. ಕೆಲವು ವಾರ ಭಾರ ಎತ್ತುವಂತಿಲ್ಲ, ಬೈಕ್ ಬೇಡ. ಹತ್ತು ಹದಿನೈದು ದಿನದ ಹೊತ್ತಿಗೆ ಒಳಗಿನ ಹಕ್ಕಳೆ ಉದುರಿ ಮತ್ತೆ ಸ್ವಲ್ಪ ಕೆಂಪು ಕಾಣಬಹುದು. ನೀರು ಜಾಸ್ತಿ ಕುಡಿದರೆ ತಿಳಿಯಾಗುತ್ತದೆ. ಆದರೆ ರಕ್ತದ ಗಡ್ಡೆ ಬಂದರೆ, ಮೂತ್ರ ಕಟ್ಟಿದರೆ, ಚಳಿ ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಅವಸರದ ಮೂತ್ರ ಒಂದೆರಡು ತಿಂಗಳು ಕಾಡಬಹುದು, ಕೂಡಲೇ ಎಲ್ಲ ಸರಿ ಹೋಗಲಿಲ್ಲ ಅಂತ ಎದೆಗುಂದಬೇಡಿ. ತಿಂಗಳುಗಳು ಕಳೆದ ಮೇಲೆ ಧಾರೆ ಮತ್ತೆ ಸಣ್ಣಗಾದರೆ ನಾಳ ಕಿರಿದಾಗಿದೆಯಾ ಅಂತ ತೋರಿಸಬೇಕು.

ಬಯಾಪ್ಸಿ ರಿಪೋರ್ಟ್ ಕೇಳಿ ತಗೊಳ್ಳಿ. ಇನ್ನೊಂದು, ತೆಗೆದಿರುವುದು ಒಳಭಾಗ ಮಾತ್ರ, ಚಿಪ್ಪು ಒಳಗೇ ಇದೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಆ ಹೊರಭಾಗದಲ್ಲೇ. ಹಾಗಾಗಿ ಮೂರು ತಿಂಗಳಿಗೆ ಯೂರೋಫ್ಲೋ ಜೊತೆ ಪಿಎಸ್‌ಎ ಮಾಡಿಸಿ, ಆಮೇಲೆ ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರನ್ನು ಕೇಳಿ. ಬಿಡಿಸುವ ಆಪರೇಷನ್ ಆದ ಬಹಳಷ್ಟು ಜನರಲ್ಲಿ ಪಿಎಸ್‌ಎ 1ರ ಕೆಳಗೆ ಇಳಿಯುತ್ತದೆ. ಅಪ್ಪನದು 0.6. ಇನ್ನು ಅವರಿಗೆ ಅದೇ ಅಳತೆಗೋಲು. ಮುಂದೆಂದಾದರೂ ಅದು 3 ಬಂದು, ಲ್ಯಾಬಿನ ಹಾಳೆಯಲ್ಲಿ '4ರೊಳಗೆ ನಾರ್ಮಲ್' ಅಂತ ಇದ್ದರೂ, ಅದು ಅಪ್ಪನಿಗೆ ನಾರ್ಮಲ್ ಅಲ್ಲ. ಆ 0.6 ಅನ್ನು ತಾರೀಖಿನ ಸಮೇತ ಫೈಲಿನ ಮೊದಲ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.